ಮೇಲೆ ಪಾಲಿಶು, ಒಳಗೆ ಕಂಬಳಿ

ಪುಣೆಯ ಐಟಿ ಪ್ರದೇಶವಾದ ಹಿಂಜವಾಡಿಯಲ್ಲಿ ಬೆಳಗಿನ ಜಾವ 5 ಗಂಟೆಗೆ ಎಚ್ಚರವಿರುವವರು ಮೂರೇ ಜಾತಿ. ಅಮೆರಿಕದ ಗಿರಾಕಿಗೆ ರಾತ್ರಿಯಿಡೀ ದುಡಿದು ಮನೆಗೆ ಮರಳುವವರು, ನೀರಿನ ಟ್ಯಾಂಕರ್ ಓಡಿಸುವವರು ಮತ್ತು ಗೇಟು ಕಾಯುವವರು. ಮೊದಲಿನವರಿಗೆ ಕಣ್ಣುರಿ, ಎರಡನೆಯವರಿಗೆ ಅವಸರ, ಮೂರನೆಯವರಿಗೆ ಕಾಲು ಥಂಡಿ.

ಈ ಮೂರನೆಯ ಜಾತಿಯವರನ್ನು ನೀವೂ ಬಲ್ಲಿರಿ. ಒಂದು ಸೊಸೈಟಿ ಅಂದಮೇಲೆ ಒಬ್ಬ ಕಾಕಾ ಇರಲೇಬೇಕು. ತಲೆಗೆ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು, ಎದೆಯ ಮೇಲೆ ಏಜೆನ್ಸಿಯ ಬಿಲ್ಲೆ, ಕೈಯಲ್ಲಿ ಯಾರನ್ನೂ ಹೊಡೆದು ಗೊತ್ತಿಲ್ಲದ ಲಾಠಿ. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮುರಿದ ಕಾಲಿಗೆ ತಂತಿಯ ಪಟ್ಟಿ. ಎಲ್ಲ ಕಾಕಾಗಳೂ ಬಂದವರ ಮುಖ ನೋಡಿ ವಹಿಯಲ್ಲಿ ಹೆಸರು ಬರೆದುಕೊಂಡರೆ, ನಮ್ಮ ಕಾಕಾ ಕಾಲು ನೋಡಿ ಬರೆದುಕೊಳ್ಳುತ್ತಾರೆ. ನಾನು ಈ ಸೊಸೈಟಿಗೆ ಬಂದ ಮೊದಲ ದಿನ ಅವರು ನನ್ನ ಮುಖ ನೋಡಲೇ ಇಲ್ಲ. ಜಾಳಿಗೆಯಂಥ ನನ್ನ ಸ್ಪೋರ್ಟ್ಸ್ ಶೂ ದಿಟ್ಟಿಸಿ, ಮಾತಿನಲ್ಲೇ ಕನ್ನಡದವನೆಂದು ಹಿಡಿದು, “ಎಷ್ಟು ಕೊಟ್ರಿ ಸಾಹೇಬ್ರ?” ಎಂದರು. ಹೇಳಿದೆ. “ಅಷ್ಟು ರೊಕ್ಕಾ ಕೊಟ್ಟು ತೂತು ತಗೊಂಡ್ರಿ?” ಎಂದು ಗೇಟು ತೆರೆದರು.

ಕಾಕಾ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವರು. ರೇಶನ್ ಕಾರ್ಡು ಮರಾಠಿ, ಮನೆಮಾತು ಕನ್ನಡ, ಹೊಲ ಎರಡೂ ಭಾಷೆಯಲ್ಲಿ ಒಣಗಿದ್ದು. “ಊರಾಗ ಹುಟ್ಟಿದಾಗಿಂದ ಟ್ಯಾಂಕರ್ ದಾರಿ ಕಾದೆ. ಸಾಕಾಗಿ ಪುಣೇಕ್ಕ ಬಂದೆ. ಇಲ್ಲಿ ನೌಕ್ರಿ ಏನು ಸಿಕ್ತು ಹೇಳ್ರಿ? ಟ್ಯಾಂಕರ್ ಬರೂ ಗೇಟು ಕಾಯೂದು!” ಗಾಜಿನ ಕಟ್ಟಡಗಳ ಈ ಹಿಂಜವಾಡಿಯಲ್ಲೂ ಎಷ್ಟೋ ಸೊಸೈಟಿಗಳು ಕುಡಿಯುವುದು ಟ್ಯಾಂಕರಿನ ನೀರನ್ನೇ. ಬೆಳಗಿನ 5ಕ್ಕೆ ಮೊದಲ ಟ್ಯಾಂಕರ್ ಬರುತ್ತದೆ. ಪೈಪಿನ ಜೋಡಣೆಯಲ್ಲಿ ಸೋರುವ ನೀರು ಸೀದಾ ಕಾಕಾನ ಬೂಟಿಗೆ. ಊರಲ್ಲಿ ಬಾಯಿಗೆ ಸಿಗದ ನೀರು ಇಲ್ಲಿ ಕಾಲು ಹುಡುಕಿಕೊಂಡು ಬರುತ್ತದೆ.

ಪುಣೆಯ ಚಳಿಯೇನು ಹಿಮಾಲಯದ್ದಲ್ಲ. ಡಿಸೆಂಬರ್-ಜನವರಿಯ ರಾತ್ರಿ 10-11 ಡಿಗ್ರಿ, ಕೆಲವು ದಿನ ಅದಕ್ಕೂ ಕೆಳಗೆ. 1935ರ ಜನವರಿ 17ರಂದು 1.7 ಡಿಗ್ರಿಗೆ ಇಳಿದಿತ್ತಂತೆ, ಅದೇ ಈ ಊರಿನ ದಾಖಲೆ. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು, ಶಿವಾಜಿನಗರದ ಆ ಚೌಕವನ್ನು ಜನ ಇವತ್ತಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ ಎಂದು ಒಮ್ಮೆ ಹೇಳಿದೆ. ಕಾಕಾಗೆ ಎಲ್ಲ ತಿಳಿದುಹೋಯಿತು. “ಅಂದ್ರ ಫೈಲಿನ ಜೋಡಿ ಚಳೀನೂ ಗಂಟು ಕಟ್ಟಿ ತಂದಾರ ಬಿಡ್ರಿ. ಆಫೀಸು ಬಂತು, ಚಳಿ ವಾಪಸ್ ಹೋಗಲಿಲ್ಲ. ಇನ್ನ ಶಿವಾಜಿನಗರದಿಂದ ಹಿಂಜವಾಡಿಗೆ ಮೆಟ್ರೋನೂ ಮಾಡ್ಲಾಕತ್ತಾರ. ಟಿಕೀಟ ತಗೊಂಡು ಕುಂತೇ ಬರ್ತೈತಿ ಅದು.”

ಚಳಿಯಲ್ಲಿ ಎರಡು ಬಗೆ ಎಂಬುದು ಕಾಕಾ ಸಿದ್ಧಾಂತ. “ಒಣ ಚಳಿ ಬೈತೈತಿ. ಹಸಿ ಚಳಿ ಕಡೀತೈತಿ.” ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ ಎಂದು ನಾವು ಓದಿದ್ದನ್ನೇ ಅವರು ಆರು ಪದದಲ್ಲಿ ಮುಗಿಸಿದ್ದರು.

ಈ ಕಡಿತಕ್ಕೆ ಏಜೆನ್ಸಿ ಕೊಟ್ಟ ಔಷಧವೆಂದರೆ ಒಂದು ಜೊತೆ ಕರಿ ಬೂಟು. ದೂರದಿಂದ ಚರ್ಮ, ಹತ್ತಿರದಿಂದ ರೆಕ್ಸಿನು, ಒಳಗಿನಿಂದ ಫ್ರಿಜ್ಜು. ಎಲ್ಲರಿಗೂ 9 ನಂಬರು. 7 ನಂಬರಿನ ಕಾಕಾ ನಡೆದರೆ ಬೂಟು ಒಂದು ಹೆಜ್ಜೆ ಹಿಂದೆ ಬರುತ್ತದೆ. ಪಕ್ಕದ ಗೇಟಿನ 10 ನಂಬರಿನ ಪೈಲ್ವಾನನಿಗೆ ಬೂಟು ಒಳಗೇ ಬಿಡುವುದಿಲ್ಲ. ವಾರಕ್ಕೊಮ್ಮೆ ನಡುರಾತ್ರಿ ಸುಪರ್‌ವೈಜರ್ ಬಂದು ಟಾರ್ಚು ಹಿಡಿದು ಬೂಟಿನ ಮೇಲೆ ತನ್ನ ಮುಖ ಕಾಣುತ್ತದೆಯೇ ಎಂದು ನೋಡಿ ಹೋಗುತ್ತಾನೆ. ಕಂಡರೆ ಕಾಕಾ ಪಾಸು. ಬೂಟಿನೊಳಗಿನ ಕಾಲಿನ ಮುಖ ಯಾರೂ ಕೇಳಿದ್ದಿಲ್ಲ.

ಹೀಗಾಗಿ ಕಾಕಾ ಸ್ವಂತ ಸಂಶೋಧನೆಗೆ ಇಳಿದರು. ಮೊದಲ ಪ್ರಯೋಗ ಹಾಲಿನ ಖಾಲಿ ಪಾಕೀಟಿನದು. ಕಾಲುಚೀಲದ ಮೇಲೆ ಪಾಕೀಟು, ಅದರ ಮೇಲೆ ಬೂಟು. ಟ್ಯಾಂಕರಿನ ಒಂದು ಹನಿ ಒಳಗೆ ಹೋಗಲಿಲ್ಲ, ಆದರೂ ಬೆಳಿಗ್ಗೆ ಬಿಚ್ಚಿದರೆ ಕಾಲು ನೆನೆದ ಕಡಲೆಯ ಹಾಗೆ. ಎರಡೂ ಪಾದ ಸೇರಿ ಎರಡೂವರೆ ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ ಎನ್ನುತ್ತಾರೆ. ಅವು ಚಳಿಯಲ್ಲೂ ಡ್ಯೂಟಿ ಬಿಡುವುದಿಲ್ಲ. ಕಾಕಾ ವರದಿ ಹೀಗಿತ್ತು: “ಹೊರಗಿನ ಕಳ್ಳಗ ಬಾಗಿಲಾ ಹಾಕಿದೆ. ಒಳಗಿನ ಕಳ್ಳ ಒಳಗೇ ಉಳದ.”

ಎರಡನೆಯದು ಪೈಲ್ವಾನನ ಮೇಲಿನ ಪ್ರಯೋಗ. ಅವನು ತಾನಾಗಿಯೇ ಎರಡು ಜೊತೆ ಕಾಲುಚೀಲ ಏರಿಸಿ, ಆ ಬಿಗಿ ಬೂಟಿನೊಳಗೆ ಕಾಲು ತುರುಕಿ, ಬೆರಳು ಸೆಟೆದುಕೊಂಡವೆಂದು ಕುಂಟುತ್ತ ಬಂದ. ಕಾಕಾ ಒಂದು ಜೊತೆ ಬಿಚ್ಚಿಸಿದರು. “ಬೆಚ್ಚಗ ಮಾಡೂದು ಚೀಲ ಅಲ್ಲೋ ತಮ್ಮಾ, ರಗತ. ಬಸ್ಸಿನಾಗ ಕಾಲಿಡ್ಲಾಕ ಜಾಗಾ ಇಲ್ಲಂದ್ರ ಕಂಡಕ್ಟರ್ ಹ್ಯಾಂಗ ತಿರಗಾಡಬೇಕು?”

ಮೂರನೆಯದು ಪತ್ರಿಕೆ. ಡ್ಯೂಟಿ ಮುಗಿದೊಡನೆ ಹಸಿ ಬೂಟಿಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿದರೆ ಸಂಜೆಗೆ ತೇವವೆಲ್ಲ ಅದರ ಪಾಲು. ಇದರಲ್ಲೂ ಕಾಕಾಗೆ ಭಾಷಾನೀತಿಯಿದೆ. “ಇಂಗ್ಲಿಷ್ ಪುರವಣಿ ಬ್ಯಾಡ್ರಿ, ಮಿಂಚತೈತಿ, ಏನೂ ಹೀರಂಗಿಲ್ಲ. ಮರಾಠಿ ಪೇಪರ್ ಛೊಲೊ. ಕನ್ನಡ ಪೇಪರ್ ಸಿಕ್ರ ಮೊದಲ ಓದ್ತೀನಿ, ಆಮ್ಯಾಲ ತುರುಕ್ತೀನಿ.”

ಅವರಿಗೆ ಕೀರ್ತಿ ತಂದದ್ದು ನಾಲ್ಕನೆಯ ಪ್ರಯೋಗ, ಕಂಬಳಿ. ಊರಿಂದ ತಂದ ಕರಿ ಕಂಬಳಿಯ ಹರಿದ ಅಂಚನ್ನು ಪಾದದ ಅಳತೆಗೆ ಕತ್ತರಿಸಿ ಬೂಟಿನ ತಳಕ್ಕೆ ಹಾಸಿದರು. ಹುಣಸೆಬೀಜದ ಸರಿ ಉಂಡ ಕಂಬಳಿ, ಮಡಚುವುದಿಲ್ಲ, ಸರಿಯುವುದಿಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೇಲಾಗಿ 9 ನಂಬರಿನ ಬೂಟು 7 ನಂಬರಿನ ಕಾಲಿಗೆ ಸರಿಹೋಯಿತು. ಒಂದೇ ಕಲ್ಲಿಗೆ ಎರಡು ಹಣ್ಣು. ಆದರೆ ಯಾವ ಕುರಿಯ ಉಣ್ಣೆಯಾದರೂ ನಡೆಯುವುದಿಲ್ಲ. ತಮ್ಮ ತಾಲೂಕಿನ ಹೆಸರಾಂತ ಮಾಡಗ್ಯಾಳ ಕುರಿಯ ಬಗ್ಗೆಯೂ ಕಾಕಾ ನಿಷ್ಪಕ್ಷಪಾತಿ: “ಮೂಗು ಗಿಳೀದು, ರೇಟು ಆನೀದು, ಉಣ್ಣಿ ಮಾತ್ರ ಕೇಳಬ್ಯಾಡ್ರಿ. ಕಂಬಳಿಗೆ ದಖ್ಖನಿ ಕರಿ ಕುರೀನ ಬೇಕು.”

ಕತ್ತರಿ ಹಾಕಿದ ರಾತ್ರಿ ಮಾತ್ರ ಕಾಕಾಗೆ ನಿದ್ದೆಯಿಲ್ಲ. (ಅವರದು ರಾತ್ರಿ ಪಾಳಿ, ನಿದ್ದೆ ಇರಲೂ ಬಾರದು. ಅದು ಬೇರೆ ಮಾತು.) ಕುರಿ ಕಾಯುವ ಮನೆತನ. ಕಂಬಳಿಯೆಂದರೆ ದೇವರ ಗದ್ದಿಗೆ. ದೀಪಾವಳಿಗೆ ಹುಲಜಂತಿಗೆ ಹೋಗಿ ಮಾಳಿಂಗರಾಯನಿಗೆ ನಡೆದುಕೊಳ್ಳುವವರು ಅದನ್ನೇ ಮೆಟ್ಟಿ ನಿಲ್ಲುವುದೆಂದರೇನು? ಮೂರು ರಾತ್ರಿ ಯೋಚಿಸಿ ತೀರ್ಪು ಕೊಟ್ಟುಕೊಂಡರು: “ಅಂವಾನೂ ಕುರಿ ಕಾಯ್ದಾಂವಾ. ರಾತ್ರಿ ಬಯಲಾಗ ನಿಂತವರ ಕಾಲಿನ ಕಷ್ಟ ಅವಗ ಗೊತ್ತೈತಿ.” ದೇವರ ಪರವಾಗಿ ಸಹಿಯನ್ನೂ ಅವರೇ ಹಾಕಿದರು.

ಅಲ್ಲಿಂದ ಕಾಕಾ ಕುರ್ಚಿ ದವಾಖಾನೆಯಾಯಿತು. ಕೊರೆಯುವ ನೀರಲ್ಲಿ ಬರಿಗಾಲಲ್ಲಿ ಕಾರು ತೊಳೆಯುವ ಹುಡುಗರು, ಇಬ್ಬನಿಯ ಹುಲ್ಲಲ್ಲಿ ನಿಲ್ಲುವ ಮಾಲಿಗಳು, ಎದುರಿನ ಹೊಸ ಕಟ್ಟಡಕ್ಕೆ ನೀರು ಹೊಡೆಯುವ ಕಲಬುರಗಿ ಕಡೆಯ ಕೂಲಿಗಳು, ಎಲ್ಲರೂ ಸಾಲುಗಟ್ಟಿ ಕಾಲು ಚಾಚುತ್ತಾರೆ. ಚೀಟಿ ಒಂದೇ. ಪಾಳಿಯ ನಡುವೆ ಒಮ್ಮೆ ಕಾಲುಚೀಲ ಬದಲಿಸು. ಬೆರಳಿನ ಸಂದಿ ಒರೆಸು. ಬರಿ ಸಿಮೆಂಟಿನ ಮೇಲೆ ನಿಲ್ಲಬೇಡ, ಕಾಲ ಕೆಳಗೆ ರಟ್ಟು ಹಾಕಿಕೋ. ಜೋಮು ಹಿಡಿದ ಕಾಲನ್ನು ಬೆಂಕಿಗೆ ಒಡ್ಡಬೇಡ, ಸುಟ್ಟರೂ ತಿಳಿಯುವುದಿಲ್ಲ. ಗಮ್‌ಬೂಟಿನೊಳಗೆ ಹಸಿ ಸಿಮೆಂಟು ಹೊಕ್ಕರೆ ಅರೆಕ್ಷಣ ತಡೆಯದೆ ತೊಳೆ, ಅದು ಸುಣ್ಣದ ಹಾಗೆ ಚರ್ಮ ತಿನ್ನುತ್ತದೆ. ಕಾಂಕ್ರೀಟನ್ನು ಕನಿಷ್ಠ 7 ದಿನ ಹಸಿಯಾಗಿಡಬೇಕೆಂದು ಸರ್ಕಾರದ ಮಾನಕದಲ್ಲೇ ಇದೆ ಎಂದು ನಾನು ಜಾಣತನ ತೋರಿದಾಗ ಕಾಕಾ ಕಾಲು ಚಾಚಿದ್ದ ಕೂಲಿ ಹುಡುಗನನ್ನು ತೋರಿಸಿ ಕೇಳಿದರು: “ಈ ಹುಡುಗನ ಕಾಲು ಎಷ್ಟ ತಾಸು ಒಣಾ ಇರಬೇಕಂತ ಅದರಾಗ ಬರದಾರೇನ್ರಿ?” ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಎಲ್ಲ ಮಹಾನುಭಾವರಂತೆ ಕಾಕಾಗೂ ಅತಿಯ ರೋಗವಿದೆ. ಅವರ ಲೆಕ್ಕದಲ್ಲಿ ಲೋಕದ ಸಕಲ ಸಂಕಟಕ್ಕೂ ಮೂಲ ಹಸಿ ಕಾಲು. ನೆಗಡಿಗೆ ಅದೇ ಕಾರಣ, ಗಂಡ-ಹೆಂಡಿರ ಜಗಳಕ್ಕೂ ಅದೇ. ಮೂರನೆಯ ಮಹಡಿಯವರಿಗೆ ಕಂಪನಿ ಮನೆಯ ದಾರಿ ತೋರಿಸಿದಾಗಲೂ, “ಆ ಸಾಹೇಬ್ರು ಮಳಿಗಾಲದಾಗ ಹಸಿ ಸಾಕ್ಸ್ ಹಾಕ್ಕೊಂಡು ಹೋಗ್ತಿದ್ರು, ಆವಾಗ ಅಂದಿದ್ದೆ” ಎಂದರು. ಊರಿಗೆಲ್ಲ ಚೀಟಿ ಬರೆದುಕೊಡುವ ಈ ವೈದ್ಯರ ಸ್ವಂತ ಹಿಮ್ಮಡಿ ಮಾತ್ರ ಜತ್ತದ ಹೊಲದಂತೆ ಬಿರಿದಿದೆ. ದಿನಾ ಫೋನಿನಲ್ಲಿ ಅವರ ಹೆಂಡತಿ, ನಮ್ಮ ಕಾಕು, “ಕಾಲಿಗೆ ಎಣ್ಣಿ ಹಚ್ಚೀರೇನು?” ಎಂದು ಕೇಳುತ್ತಾರೆ. ಕಾಕಾಗೆ ಆ ಹೊತ್ತಿಗೇ ನೆಟ್‌ವರ್ಕ್ ಹೋಗುತ್ತದೆ.

ಅವರ ಕುರ್ಚಿಯ ಹಿಂದೆ ಗೋಡೆಯ ಮೊಳೆಗೆ ಒಂದು ಜೊತೆ ಕೊಲ್ಲಾಪುರಿ ಚಪ್ಪಲಿ ನೇತಾಡುತ್ತದೆ. ಹೆಸರಿಗೆ ಕೊಲ್ಲಾಪುರಿ, ಹೊಲಿದದ್ದು ಅಥಣಿಯಲ್ಲಿ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಸಮಪಾಲು ಪಡೆದವು. ಗಡಿಯ ತಂಟೆ ಚಪ್ಪಲಿಯಲ್ಲಾದರೂ ಬಗೆಹರಿಯಿತು. 2025ರಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಗೆ ಇದರ ತದ್ರೂಪು ಏರಿ ಗದ್ದಲವಾದದ್ದನ್ನು ಮೊಬೈಲಿನಲ್ಲಿ ತೋರಿಸಿದೆ. ಕಾಕಾ ರೂಪದರ್ಶಿಯ ಮುಖ ನೋಡಲಿಲ್ಲ, ಎಂದಿನಂತೆ ಕಾಲು ನೋಡಿದರು. “ಅಲ್ಲಿ ಟ್ಯಾಂಕರ್ ಬರಂಗಿಲ್ಲ ಕಾಣ್ತೈತಿ” ಎಂದರು. ನೀರು ಕುಡಿದರೆ ಆ ಚರ್ಮ ಉಬ್ಬಿ ಹಾಳಾಗುತ್ತದೆ. ಅದಕ್ಕೇ ಚಪ್ಪಲಿ ಮೊಳೆಯ ಮೇಲೆ, ಕಾಲು ರೆಕ್ಸಿನಿನಲ್ಲಿ.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ತೇವಕ್ಕೇ ಕೊಳೆತವು, ಕೊನೆಗೆ ತಿಮಿಂಗಿಲದ ಎಣ್ಣೆ ತಿಕ್ಕಿ, ಒಣ ಕಾಲುಚೀಲ ಕೊಟ್ಟು, ಅಧಿಕಾರಿಗಳೇ ಪ್ರತಿಯೊಬ್ಬನ ಪಾದ ಪರೀಕ್ಷಿಸಬೇಕಾಯಿತು ಎಂದು ಒಂದು ರಾತ್ರಿ ಹೇಳಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದರು. “ನೋಡ್ರಿ, ದಂಡಿನ ಸಾಹೇಬ್ರು ಕಾಲು ನೋಡಿದ್ರು. ನಮ್ಮ ಸಾಹೇಬ್ರು ಪಾಲಿಶ್ ನೋಡ್ತಾರ.”

ಜನವರಿ 26ಕ್ಕೆ ಸೊಸೈಟಿಯವರು ಧ್ವಜ ಏರಿಸಿ, ಭಾಷಣ ಮಾಡಿ, ಕಾಕಾಗೆ ಶಾಲು ಹೊದಿಸಿ ಸನ್ಮಾನಿಸಿದರು. ಫೋಟೊ ಆಯಿತು, ಚಪ್ಪಾಳೆ ಆಯಿತು. ಕಾಕಾ ಶಾಲಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು: “ಪಾಲಿಸ್ಟರ್ ಐತ್ರಿ. ಕತ್ತರಿಸಿದ್ರೂ ಉಪಯೋಗಿಲ್ಲ.”

ನಿಮ್ಮ ಗೇಟಿನಲ್ಲೂ ಒಬ್ಬ ಕಾಕಾ ಇದ್ದಾರೆ. ಮುಂದಿನ ಚಳಿಗೆ ಅವರನ್ನು ಸನ್ಮಾನಿಸುವ ಮನಸ್ಸಿದ್ದರೆ ಶಾಲು ಬೇಡ. ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಜೊತೆ ಗಮ್‌ಬೂಟು ಸಾಕು. ತರುವ ಮೊದಲು ನಂಬರು ಕೇಳಿ.