ಮೊದಲು ಕೇಬಲ್ ನೋಡಿ ಸ್ವಾಮಿ!

ಆ 1985ರ ಶೆವ್ರೊಲೆ ಪಿಕಪ್ ಟ್ರಕ್ಕಿನ ಗೋಳು ಈ ಅಂಕಣದ ಓದುಗರಿಗೆ ಹೊಸದೇನಲ್ಲ. ಮೂರನೇ ಗೇರಿಗೆ ಬೀಳುವ ಹೊತ್ತಿಗೆ ಎಂಜಿನ್ ಕಿರುಚಿಕೊಳ್ಳುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಡೆಟ್ರಾಯಿಟ್ ಸುತ್ತಲಿನ ಗ್ಯಾರೇಜಿನವರೆಲ್ಲ ಬಾನೆಟ್ ಎತ್ತುವ ಮೊದಲೇ 'ಗೇರ್‌ಬಾಕ್ಸ್ ಹೋಯ್ತು' ಎಂದು ತೀರ್ಪು ಕೊಟ್ಟರು. ಈಗ ಅದನ್ನು ಇಳಿಸಿ ಬೆಂಚಿನ ಮೇಲೆ ಮಲಗಿಸಿದ್ದಾರೆ. ಹೊಸದು, ಅಂದರೆ ಇನ್ನೊಂದು ಹಳೆಯದನ್ನೇ ಬಿಚ್ಚಿ ಕಟ್ಟಿದ್ದು, ಬರುವುದರೊಳಗೆ ಮರಣಪೂರ್ವ ಹೇಳಿಕೆ ಪಡೆಯೋಣವೆಂದು ಹೋದೆ. ಜನರಲ್ ಮೋಟರ್ಸ್ 700ಆರ್4, ನಾಲ್ಕು ಗೇರಿನ ಆಟೊಮ್ಯಾಟಿಕ್. ಮೈಯೆಲ್ಲ ಎಣ್ಣೆ, ಬಾಯಿ ತುಂಬ ಮಾತು.

ಹೇಗಿದ್ದೀರಿ?

ಕೇಬಲ್ ನೋಡಿದರಾ?

ಯಾವ ಕೇಬಲ್?

ಸರಿಹೋಯ್ತು, ನೀವೂ ಅವರ ಪೈಕಿಯೇ! ಟಿವಿ ಕೇಬಲ್ ಸ್ವಾಮಿ. ಧಾರಾವಾಹಿ ಬರುವುದಲ್ಲ, ಥ್ರಾಟಲ್ ವಾಲ್ವಿನದು. ಒಂದು ತುದಿ ಕಾರ್ಬುರೇಟರಿನ ಲಿವರಿಗೆ, ಇನ್ನೊಂದು ತುದಿ ನನ್ನ ಹೊಟ್ಟೆಯೊಳಕ್ಕೆ. ಆಕ್ಸಿಲರೇಟರ್ ಎಷ್ಟು ತುಳಿದಿರಿ ಅಂತ ನನಗೆ ಗೊತ್ತಾಗುವುದೇ ಅದರಿಂದ. ಹೆಚ್ಚು ತುಳಿದರೆ ನಾನು ಆಯಿಲ್ ಪ್ರೆಶರ್ ಏರಿಸಿ ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುತ್ತೇನೆ. ಕೇಬಲ್ ಸಡಿಲವಾದರೆ ಹಿಂದೆ ಟ್ರೈಲರ್ ತುಂಬ ಕಲ್ಲು ಹೇರಿದ್ದರೂ ನನ್ನ ಲೆಕ್ಕಕ್ಕೆ ಗಾಡಿ ಖಾಲಿ. ಪ್ರೆಶರ್ ಸಾಲದೆ ಪ್ಲೇಟು ಜಾರುತ್ತದೆ, ಜಾರಿದ್ದು ಸುಡುತ್ತದೆ. ಮೊದಲು ಬಲಿಯಾಗುವುದು ಮೂರು-ನಾಲ್ಕನೇ ಗೇರಿನ ಪ್ಲೇಟುಗಳು.

ಕ್ಲಚ್ ಪೆಡಲ್ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನಾನು ಗಾಡಿ ಕಲಿತದ್ದು ಶಿರಾಡಿ ಘಾಟಿಯಲ್ಲಿ. ಅಲ್ಲಿ ಎಡಗಾಲಿಗೊಂದು ಮರ್ಯಾದೆ ಇತ್ತು. ಅಮೆರಿಕಕ್ಕೆ ಬಂದ ಮೇಲೆ ಆ ಕಾಲಿಗೆ ಕಡ್ಡಾಯ ನಿವೃತ್ತಿ.

ಆ ವ್ಯಾಜ್ಯ 1939ರಲ್ಲೇ ತೀರಿತು. ನಮ್ಮ ತಾತ ಹೈಡ್ರಾಮ್ಯಾಟಿಕ್ 1940ರ ಮಾದರಿಯ ಓಲ್ಡ್ಸ್‌ಮೊಬೈಲಿನಲ್ಲಿ ಕೂತು ಬಂದ, ಕ್ಲಚ್ ಪೆಡಲನ್ನು ಹೊರಗೆ ಹಾಕಿದ. ಮಹಾಯುದ್ಧದಲ್ಲಿ ಟ್ಯಾಂಕುಗಳನ್ನೂ ಓಡಿಸಿದ. ನೀವು ಮಾತು ಮರೆಸಬೇಡಿ. ಹೋದ ವರ್ಷ ಈ ಟ್ರಕ್ಕಿಗೆ ಬೇರೆ ಕಂಪನಿಯ ಕಾರ್ಬುರೇಟರ್ ಕೂರಿಸಿದರು. ಅದರ ಲಿವರ್ ಬೇರೆ, ಕೇಬಲ್ ಸಿಕ್ಕಿಸುವ ತೂತು ಬೇರೆ ಜಾಗದಲ್ಲಿ, ಎಳೆತದ ಲೆಕ್ಕವೇ ಬೇರೆ. ಅದಕ್ಕೆ ಹೊಂದುವ ಬ್ರ್ಯಾಕೆಟ್ಟು ಬಜಾರಿನಲ್ಲಿ ಸಿಗುತ್ತದೆ. ಹಾಕಲಿಲ್ಲ. 'ಇತ್ತೀಚೆಗೆ ಎಂಜಿನ್ ಕಡೆ ಏನಾದರೂ ಬದಲಾಯಿಸಿದ್ದೀರಾ' ಅಂತ ಒಬ್ಬನಾದರೂ ಕೇಳಿದನೇ?

ತಾತನ ಪ್ರಸ್ತಾಪ ಬಂತು. ನಿಮ್ಮ ವಂಶದ ದೊಡ್ಡ ದುರಂತ ಇಲ್ಲೇ ಪಕ್ಕದ ಲಿವೊನಿಯಾದಲ್ಲಿ ನಡೆದದ್ದಲ್ಲವೇ? 1953ರ ಆಗಸ್ಟ್‌ನಲ್ಲಿ ಹೈಡ್ರಾಮ್ಯಾಟಿಕ್ ಕಾರ್ಖಾನೆಯೇ ಸುಟ್ಟುಹೋಗಿ, ಕ್ಯಾಡಿಲಾಕ್‌ನಂಥ ಕ್ಯಾಡಿಲಾಕ್ ಬ್ಯೂಕ್‌ನವರ ಡೈನಾಫ್ಲೋ ಗೇರ್‌ಬಾಕ್ಸನ್ನು ಕಡ ತರಬೇಕಾಯಿತು...

ಆಯಿತು, ಸುಟ್ಟಿತು. ನಾನೂ ಸುಟ್ಟಿದ್ದೇನೆ, ಅದನ್ನು ಕೇಳಿ.

ತಿಮಿಂಗಿಲದ ವಿಷಯ? 1970ರ ದಶಕದ ಆರಂಭದವರೆಗೂ ನಿಮ್ಮವರು ಕುಡಿಯುತ್ತಿದ್ದ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಪಾಪಪ್ರಜ್ಞೆ ಇಲ್ಲವೇ?

ನಾನು ಹುಟ್ಟಿದ್ದು 1982ರಲ್ಲಿ. ತಿಮಿಂಗಿಲದ ಋಣ ನನ್ನ ಮೇಲಿಲ್ಲ. ಕೇಬಲ್!

ಎಣ್ಣೆಯನ್ನಾದರೂ ನೋಡಿದರಂತಲ್ಲ?

ನೋಡಿದರು, ಎಂಜಿನ್ ಆಫ್ ಮಾಡಿ! ನನ್ನ ಡಿಪ್‌ಸ್ಟಿಕ್ ನೋಡಬೇಕಾದ್ದು ಎಂಜಿನ್ ಓಡುತ್ತಿರುವಾಗ, ಪಾರ್ಕಿನಲ್ಲಿಟ್ಟು, ಎಣ್ಣೆ ಬಿಸಿಯಾದ ಮೇಲೆ. ಆಫ್ ಮಾಡಿದರೆ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ನನಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಎಣ್ಣೆ ಕೆಳಗಿಳಿದು ಮಟ್ಟ ಹೆಚ್ಚು ತೋರಿಸುತ್ತದೆ. ಒಬ್ಬ ಮಹಾಶಯ 'ಜಾಸ್ತಿ ಇದೆ' ಅಂತ ಒಂದಷ್ಟು ಹೀರಿಯೇ ತೆಗೆದ. ಅಡಿ ಹಿಡಿದ ಹಾಲಿನಂತೆ ನಾರುತ್ತಿದ್ದದ್ದು ಅವನ ಮೂಗಿಗೆ ಬೀಳಲಿಲ್ಲ. ಕೆಂಪಗಿದ್ದರೆ ಸರಿ, ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಹೋಗಿದೆ. ನಸುಗೆಂಪಾಗಿ ಕದಡಿದ್ದರೆ ರೇಡಿಯೇಟರಿನೊಳಗಿನ ಕೂಲರ್ ತೂತು ಬಿದ್ದು ನೀರು ಸೇರಿದೆ, ಆಗ ಗಾಡಿಯನ್ನು ಒಂದು ಮೈಲಿಯೂ ಓಡಿಸಬಾರದು. ಇನ್ನೊಬ್ಬ ಕೆಳಗಿನ ಪ್ಯಾನ್ ಬಿಚ್ಚಿ, ಆಯಸ್ಕಾಂತಕ್ಕೆ ಮೆತ್ತಿದ್ದ ಬೂದು ಕೆಸರು ತೋರಿಸಿ ಎದೆ ಬಡಿದುಕೊಂಡ. ಈ ವಯಸ್ಸಿಗೆ ಅಷ್ಟು ನುಣುಪು ಪುಡಿ ಸಹಜ ಕಣ್ರೀ. ಲೋಹದ ಚೂರು ಸಿಕ್ಕರೆ ಹೆದರಬೇಕು.

ಹೆದ್ದಾರಿಯಲ್ಲಿ ನಡುಕ ಬರುತ್ತಿತ್ತು ಅನ್ನುವ ದೂರೂ ಇದೆ.

ನನ್ನ ನಡುಕವೋ ಎಂಜಿನ್ನಿನದೋ ಅಂತ ತಿಳಿಯಲು ಉಪಾಯ ಇದೆ. ಒಂದೇ ವೇಗದಲ್ಲಿ ಹೋಗುತ್ತಿರುವಾಗ ಬ್ರೇಕ್ ಪೆಡಲನ್ನು ಎಡಗಾಲಿನಿಂದ ಸುಮ್ಮನೆ ತಾಗಿಸಿ, ಒತ್ತಬೇಡಿ. ಕನ್ವರ್ಟರಿನ ಲಾಕಪ್, ಅಂದರೆ ಎಂಜಿನ್ನನ್ನೂ ನನ್ನನ್ನೂ ನೇರವಾಗಿ ಬೆಸೆಯುವ ಕ್ಲಚ್, ಬಿಟ್ಟುಕೊಳ್ಳುತ್ತದೆ. ನಡುಕ ನಿಂತರೆ ಮೊದಲು ಅಲ್ಲಿ ಹುಡುಕಿ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್ಗು, ಟೈರು ನೋಡಿ.

ಎಡಗಾಲು! ನೋಡಿ, ಕೊನೆಗೂ ಎಡಗಾಲೇ ಬೇಕಾಯಿತು! ಮನುಷ್ಯನಿಗೆ ದೇವರು ಎರಡು ಕಾಲು ಕೊಟ್ಟದ್ದೇ—

ಮುಗಿಸಿದಿರಾ? ಇದೇ ಟ್ರಕ್ಕಿನಲ್ಲಿ ನಾನು ಎರಡನೆಯವನು. ನನಗಿಂತ ಮೊದಲು ಇದ್ದವನೂ ಹೀಗೇ ಹೋದ. ಹೊಸ ಕಾರ್ಬುರೇಟರ್ ಬಂತು, ಕೆಲವೇ ವಾರಕ್ಕೆ ಮೂರನೇ ಗೇರ್ ಜಾರಿತು, ಅವನನ್ನು ಬಿಚ್ಚಿ ಎಸೆದು ನನ್ನನ್ನು ತಂದು ಅದೇ ಸಡಿಲ ಕೇಬಲಿಗೆ ಕಟ್ಟಿದರು. ಈಗ ನನ್ನ ಪ್ಲೇಟುಗಳು ಸುಟ್ಟಿರುವುದು ನಿಜ, ಬಿಚ್ಚಲೇಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರುತ್ತಿರುವ ಮೂರನೆಯವನನ್ನೂ ಅದಕ್ಕೇ ಕಟ್ಟುತ್ತಾರೆ. ಅವನೂ ಸುಟ್ಟಾಗ 'ನೀವು ಓಡಿಸಿದ್ದು ಸರಿಯಿಲ್ಲ' ಅಂತ ಹೇಳಿ ವಾರಂಟಿ ಹರಿದು ಹಾಕುತ್ತಾರೆ.

ನನ್ನಲ್ಲಿ ಪ್ರಶ್ನೆ ಉಳಿದಿರಲಿಲ್ಲ. ಈ ಟ್ರಕ್ಕಿನ ಯಜಮಾನ ಅದನ್ನು ಶೋಕಿಗೆ ಇಟ್ಟುಕೊಂಡವನಲ್ಲ. ಬೇಸಿಗೆಯಲ್ಲಿ ಜನರ ಮನೆಯಂಗಳದ ಹುಲ್ಲು ಕತ್ತರಿಸುತ್ತಾನೆ, ಚಳಿಗಾಲದಲ್ಲಿ ಹಿಮ ಬಾಚುತ್ತಾನೆ. ಅವನಿರುವಲ್ಲಿಗೆ ಬಸ್ಸು ಬರುವುದಿಲ್ಲ. ಗಾಡಿ ನಿಂತ ದಿನ ಕೂಲಿಯೂ ಇಲ್ಲ. ಅಂಥವನ ಕೈಗೆ ಸಾವಿರಾರು ಡಾಲರಿನ ಬಿಲ್ಲು ಕೊಡುವ ಮುಂಚೆ ಗೇರ್‌ಬಾಕ್ಸಿನ ಪಕ್ಕದ ಪ್ಲಗ್ ತೆಗೆದು ಒಂದು ಪ್ರೆಶರ್ ಗೇಜ್ ಸಿಕ್ಕಿಸಿ, ಕೇಬಲ್ ಎಳೆದಾಗ ಮುಳ್ಳು ಏರುತ್ತದೋ ಇಲ್ಲವೋ ನೋಡಲು ಎಷ್ಟು ಹೊತ್ತು ಬೇಕು? ಕೆಲಸ ಗೊತ್ತಿಲ್ಲದವನನ್ನು ಕ್ಷಮಿಸಬಹುದು. ಗೊತ್ತಿದ್ದೂ ನೋಡದವನು ಮಾಡುತ್ತಿರುವುದು ಲೂಟಿ.

ಹಾಗಂತ ತಪ್ಪೆಲ್ಲ ಗ್ಯಾರೇಜಿನವರದೇ ಅಲ್ಲ. ಹೊಸ ಗಾಡಿಗಳಲ್ಲಿ ಎಷ್ಟೋ ಮಂದಿ ತಯಾರಕರು ಡಿಪ್‌ಸ್ಟಿಕ್ಕನ್ನೇ ಕಿತ್ತುಹಾಕಿದ್ದಾರೆ. ಎಣ್ಣೆಯ ಮಟ್ಟ ನೋಡಬೇಕೆಂದರೆ ಗಾಡಿಯನ್ನು ಸಮತಟ್ಟಾಗಿ ಮೇಲೆತ್ತಿ, ಸ್ಕ್ಯಾನರ್ ಹಾಕಿ ಎಣ್ಣೆ ನಿಗದಿತ ಶಾಖಕ್ಕೆ ಬಂದಾಗ ಕೆಳಗಿನ ಪ್ಲಗ್ ಬಿಚ್ಚಬೇಕು. ಹುಲ್ಲು ಕತ್ತರಿಸುವವನ ಮನೆಯಲ್ಲಿ ಲಿಫ್ಟ್ ಇರುತ್ತದೆಯೇ? ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೂ 2020ರಲ್ಲೂ ಗಾಡಿಯ ರೋಗಪತ್ತೆಯ ಮಾಹಿತಿ ಯಜಮಾನರಿಗೂ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆನ್ನುವ ರಿಪೇರಿ ಹಕ್ಕಿನ ಪರ ಮತ ಹಾಕಿದರು. ಎರಡನೇ ಸಲ ತಯಾರಕರ ಒಕ್ಕೂಟ ಕೋರ್ಟಿಗೇ ಹೋಯಿತು. ತನ್ನ ಗಾಡಿಯ ಕಾಯಿಲೆ ಏನೆಂದು ತಿಳಿಯಲು ಯಜಮಾನ ವಕೀಲನನ್ನು ಇಡಬೇಕಾದ ಕಾಲ.

ಓದುಗರಿಗೆ ಕೊನೆಯದಾಗಿ ಏನು ಹೇಳುತ್ತೀರಿ?

ಎಂಜಿನ್ ಆಫ್ ಮಾಡಿ. ಕಾರ್ಬುರೇಟರ್ ಪಕ್ಕದಲ್ಲಿ ಕೇಬಲಿನ ಮೇಲೊಂದು ಗುಂಡಿ ಇದೆ, ಅದನ್ನು ಒತ್ತಿ ಹಿಡಿದು ಸ್ಲೈಡರನ್ನು ಲಿವರಿನಿಂದ ಆಚೆಗೆ, ಹೋಗುವಷ್ಟು ಹಿಂದಕ್ಕೆ ತಳ್ಳಿ. ಗುಂಡಿ ಬಿಡಿ. ಥ್ರಾಟಲ್ಲನ್ನು ಪೂರ್ತಿ ತೆರೆಯಿರಿ. ಟಕ ಟಕ ಅಂತ ಹಲ್ಲು ಕಚ್ಚಿಕೊಳ್ಳುವ ಸದ್ದು ಬರಬೇಕು. ಇಷ್ಟೇ. ಬ್ರ್ಯಾಕೆಟ್ಟು ಸರಿಯಿದ್ದರೆ ಇಷ್ಟಕ್ಕೆ ಒಂದು ಡಾಲರೂ ಖರ್ಚಿಲ್ಲ.

ಇದರಲ್ಲಿ ಎಡಗಾಲಿಗೆ ಏನೂ ಕೆಲಸ ಇಲ್ಲವಲ್ಲ?

ಇದೆ. ಮೂರನೆಯವನನ್ನು ಹೊತ್ತು ಬರುತ್ತಿದ್ದಾರೆ ನೋಡಿ, ಹೋಗಿ ಅಡ್ಡಗಾಲು ಹಾಕಿ.