ಚಹಾ ಬಿಟ್ಟವನ ಪುನರುತ್ಥಾನ

ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ಬಂತೆಂದರೆ ಧಾರವಾಡದ ನಮ್ಮ ಸಭೆಯಲ್ಲಿ ಎಲ್ಲರೂ ಏನಾದರೊಂದನ್ನು ಬಿಡುತ್ತಾರೆ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಸೀರಿಯಲ್ಲು ಬಿಡುತ್ತಾರೆ. ನಮ್ಮ ಓಣಿಯ ಒಬ್ಬರು ಪ್ರತಿ ವರ್ಷ ಸಿಗರೇಟು ಬಿಡುತ್ತಾರೆ. ಈಸ್ಟರಿಗೆ ಮತ್ತೆ ಹಿಡಿಯುವುದರಿಂದ ಮರುವರ್ಷ ಬಿಡುವುದಕ್ಕೆ ಅವರಿಗೆ ಎಂದೂ ಕೊರತೆ ಬಿದ್ದಿಲ್ಲ. ಬಿಡಲು ಏನೂ ಇಲ್ಲದ ಬಡಪಾಯಿಗಳು ನಿಟ್ಟುಸಿರು ಬಿಡುತ್ತಾರೆ.

2018ರಲ್ಲಿ ನಾನು ಚಹಾ ಬಿಟ್ಟೆ.

ಆ ವರ್ಷ ಲೆಂಟಿನ ಮೊದಲ ದಿನವಾದ ಬೂದಿ ಬುಧವಾರ ಬಂದದ್ದು ಫೆಬ್ರವರಿ 14ಕ್ಕೆ. ಊರೆಲ್ಲ ಗುಲಾಬಿ ಹಿಡಿದು ಓಡಾಡುತ್ತಿದ್ದ ಸಂಜೆ ನಾನು ಆರಾಧನೆ ಮುಗಿಸಿ, ಮುಖ ಗಂಭೀರ ಮಾಡಿಕೊಂಡು ಮನೆಗೆ ಬಂದೆ. ‘ಇವತ್ತಿನಿಂದ ಪರಿಶುದ್ಧನಾಗಿ ಬಾಳೂದಂತ ತೀರ್ಮಾನ ಮಾಡೇನಿ’ ಎಂದೆ. ಹೆಂಡತಿ ನನ್ನ ಖಾಲಿ ಕೈಗಳನ್ನು ನೋಡಿ, ‘ಹೂವು ತರ್ತೀರಂತ ಮಾಡಿದ್ದೆ’ ಎಂದಳು. ಚಹಾ ಬಿಡುವ ವಿಷಯ ತಿಳಿಸಿದಾಗ ಮಾತ್ರ ಅವಳಿಗೆ ನಿಜವಾಗಿ ಗಾಬರಿಯಾಯಿತು. ‘ನಿಮ್ಮ ಪಾವಿತ್ರ್ಯಕ್ಕ ನಾ ಅಡ್ಡ ಬರಂಗಿಲ್ಲರಿ. ಆದ್ರ ಈಸ್ಟರ್ ಆಗೂತನಕ ಮುಂಜಾನೆ ಒಂಬತ್ತರೊಳಗ ನನ್ನ ಜೋಡಿ ಮಾತಾಡಬ್ಯಾಡ್ರಿ.’

ಉಪವಾಸ ಮಾಡುವವನು ಮೋರೆ ಜೋಲು ಹಾಕಿಕೊಂಡು ಊರಿಗೆ ತೋರಿಸಬಾರದು, ತಲೆಗೆ ಎಣ್ಣೆ ಹಚ್ಚಿಕೊಂಡು, ಮುಖ ತೊಳೆದುಕೊಂಡು, ಯಾರಿಗೂ ಗೊತ್ತಾಗದಂತೆ ಇರಬೇಕು ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಬೋಧಿಸಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಅಕ್ಷರಶಃ ಪಾಲಿಸಿದೆ. ಮರುದಿನ ಮುಂಜಾನೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೊರಬಿದ್ದೆ. ಹತ್ತಾರು ವರ್ಷ ಎಣ್ಣೆ ಕಾಣದ ತಲೆ. ಸಿಕ್ಕವರೆಲ್ಲ ನಿಲ್ಲಿಸಿ, ‘ಏನ್ರೀ, ತಲಿ ಇಷ್ಟ್ಯಾಕ ಮಿಂಚಾಕತ್ತೈತಿ?’ ಎಂದು ಕೇಳಿದರು. ಸುಳ್ಳು ಹೇಳಿದರೆ ಪಾಪ, ಹೇಳದಿದ್ದರೆ ಅವರು ಬಿಡರು. ಹೀಗೆ ಪ್ರತಿಯೊಬ್ಬರಿಗೂ ಎಣ್ಣೆಯ ಕಾರಣ ವಿವರಿಸುತ್ತಾ ವಿವರಿಸುತ್ತಾ ನನ್ನ ಗುಪ್ತ ಉಪವಾಸ ಲೈನ್ ಬಜಾರದಿಂದ ಸಪ್ತಾಪುರದವರೆಗೆ ತಿಳಿಯಿತು.

ಲೆಂಟಿನಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಒಂದು ಕೀರ್ತನೆ, ಒಂದು ವೇದಭಾಗ, ಸುತ್ತು ಪ್ರಾರ್ಥನೆ. ಅದಾದ ಮೇಲೆ ಗಿರ್ಮಿಟ್, ಮಿರ್ಚಿ, ಚಹಾ. ಸುತ್ತು ಪ್ರಾರ್ಥನೆ ಉದ್ದವಾದಷ್ಟೂ ಗಿರ್ಮಿಟ್ ಮೆತ್ತಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ನಮ್ಮಲ್ಲಿ ಪ್ರಾರ್ಥನೆಗಳು ಮಿತವಾಗಿರುತ್ತವೆ. ಮೊದಲ ಕೂಟದಲ್ಲಿ ಚಹಾದ ತಾಟು ನನ್ನ ಮುಂದೆ ಬಂದಾಗ ನಾನು ಕೈ ಅಡ್ಡ ಹಿಡಿದು, ಕಣ್ಣು ತುಸು ಕೆಳಗೆ ಮಾಡಿ, ‘ಬ್ಯಾಡ್ರಿ, ಬಿಟ್ಟೇನಿ’ ಎಂದೆ. ಕನ್ನಡಿ ಮುಂದೆ ತಾಲೀಮು ಮಾಡಿದ ಭಂಗಿ ಅದು.

ಅಲ್ಲಿಗೇ ಮುಗಿಯುವುದೆಂದುಕೊಂಡಿದ್ದೆ. ಮನೆಯ ಅಕ್ಕ ಒಳಗೆ ಹೋದವರು ದೊಡ್ಡ ಲೋಟದ ತುಂಬ ಕೆನೆಹಾಲು, ಮೇಲೆ ಬಾದಾಮಿ, ಒಂದೆಳೆ ಕೇಸರಿ ಹಾಕಿ ತಂದರು. ‘ಪಾಪ, ತಮ್ಮ ಚಹಾ ಬಿಟ್ಟಾನ. ಗಂಟಲಾ ಒಣಗಿಸಿ ಕಳಿಸಬೇಕೇನು?’ ಮುಂದಿನ ವಾರದ ಮನೆಯವರಿಗೆ ಈ ಸುದ್ದಿ ಮುಟ್ಟಿತ್ತು. ಅವರು ಬಾಸುಂದಿ ಮಾಡಿದರು. ಮೂರನೆಯವರು ಅವರಿಗಿಂತ ಕಡಿಮೆ ಏಕಾದಾರು? ಐದು ರೂಪಾಯಿಯ ಚಹಾದಲ್ಲಿ ಮುಗಿಯುತ್ತಿದ್ದ ಅತಿಥಿ ಸಭೆಯ ಅತ್ಯಂತ ದುಬಾರಿ ಅತಿಥಿಯಾದ. ಲೆಂಟಿನ ನಡುವೆ ಪ್ಯಾಂಟಿನ ಗುಂಡಿ ಕೂಡದೆ ಹೋದದ್ದು ನಮ್ಮ ಸಭೆಯಲ್ಲಿ ನನಗೊಬ್ಬನಿಗೇ ಇರಬೇಕು.

ಒಬ್ಬನ ಗಂಟಲಿನ ಚಿಂತೆ ಇಡೀ ಸಭೆಗೆ ಹತ್ತುವುದಕ್ಕೆ ಒಂದು ಇತಿಹಾಸವೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮೂರು ವರ್ಷಕ್ಕೆ, 1837ರಲ್ಲಿ, ಧಾರವಾಡಕ್ಕೆ ಕಾಲಿಟ್ಟರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಪಯಟಿಸ್ಟ್ ಮನೆತನಗಳವರು. ರವಿವಾರದ ಭಕ್ತಿಯನ್ನು ಅವರು ಅಷ್ಟಾಗಿ ನಂಬುತ್ತಿರಲಿಲ್ಲ. ಸೋಮವಾರ ಹೇಗಿದ್ದಾನೆ ನೋಡೋಣ ಎನ್ನುವ ಪೈಕಿ. ಕ್ರೈಸ್ತರಾದವರಿಗೆ ಜಾತಿ ಹೋಯಿತು, ಅದರ ಜೊತೆ ಕಸುಬೂ ಹೋಯಿತು, ಎಷ್ಟೋ ಜನಕ್ಕೆ ಮನೆಯೇ ಹೋಯಿತು. ಅವರ ಹೊಟ್ಟೆಪಾಡಿಗೆಂದೇ ಕರಾವಳಿಯಲ್ಲಿ ನೇಯ್ಗೆ, ಹಂಚಿನ ಕಾರ್ಖಾನೆಗಳು ಎದ್ದವು. ಒಂದೇ ಕಂಪೌಂಡಿನಲ್ಲಿ ವಾಸ, ಒಂದೇ ಗಂಟೆಗೆ ಪ್ರಾರ್ಥನೆ, ಒಂದೇ ಬಾವಿಯ ನೀರು. ಯಾರು ಕುಡಿದು ಬಂದರು, ಯಾರು ಹೆಂಡತಿಗೆ ಬೈದರು ಎಂಬುದೆಲ್ಲ ಹಿರಿಯರ ಕಿವಿಗೆ ಬಿದ್ದು, ಹದ್ದು ಮೀರಿದವನಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲ ಎಂದಾಗುತ್ತಿತ್ತು. ಕಂಪೌಂಡಿನ ಗೋಡೆಗಳು ಯಾವಾಗಲೋ ಬಿದ್ದಿವೆ. ಪಕ್ಕದ ಮನೆಯ ಒಲೆಯ ಮೇಲೆ ಏನಿದೆ ಎಂಬ ಆಸ್ಥೆ ಮಾತ್ರ ಗಟ್ಟಿಯಾಗಿದೆ. ಆ ಆಸ್ಥೆಯಿಂದಲೇ ಕಾಯಿಲೆ ಬಿದ್ದವನ ಮನೆಗೆ ಹೇಳದೆ ಗಂಜಿ ಬರುತ್ತದೆ, ಆ ಆಸ್ಥೆಯಿಂದಲೇ ನಾನು ಸಿಕ್ಕಿಬಿದ್ದೆ.

ಸಿಕ್ಕಿಬಿದ್ದದ್ದು ಹೀಗೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಲೆಂಟ್ ಎಂದರೆ 40 ದಿನ. ಉಳಿದ ಆರು ಎಲ್ಲಿ ಹೋದವು? ರವಿವಾರಗಳು. ಪ್ರತಿ ರವಿವಾರವೂ ಒಂದು ಪುಟ್ಟ ಈಸ್ಟರ್ ಆದ್ದರಿಂದ ಅಂದು ಉಪವಾಸ ಸಲ್ಲದೆಂದು ಸಭೆಯ ಹಳೆಯ ಸಂಪ್ರದಾಯ. ಈ ಸತ್ಯ ನನಗೆ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ. ರವಿವಾರ ಬೆಳಗಾದ ಕೂಡಲೇ ಲೈನ್ ಬಜಾರದ ಒಂದು ಚಹಾದ ಅಂಗಡಿಗೆ ಹೋಗಿ, ಸಂಪ್ರದಾಯಕ್ಕೆ ತಲೆಬಾಗಿ, ಕುಡಿಯತೊಡಗಿದೆ. ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಿತ್ತು. ನಮ್ಮ ಸಭೆಯ ಹಿರಿಯರು, ನಿವೃತ್ತ ಗಣಿತದ ಮಾಸ್ತರು.

ನಾನು 46ರಲ್ಲಿ ಆರನ್ನು ಕಳೆದು ತೋರಿಸಿದೆ. ಮಾಸ್ತರು ಪೂರ್ತಿ ಕೇಳಿ ತಲೆಯಾಡಿಸಿದರು. ‘ಲೆಕ್ಕ ಬರೋಬ್ಬರಿ ಐತಿ. ಆದ್ರ ನಿಮ್ಮ ಮುಂದ ನಾಕು ಖಾಲಿ ಗ್ಲಾಸ್ ಅದಾವು. ವಾರದ್ದೆಲ್ಲಾ ಒಂದ ದಿನ ಕುಡದ್ರ ಅದಕ್ಕ ಉಪವಾಸ ಅನ್ನೂದಿಲ್ಲರಿ, ಬಾಕಿ ವಸೂಲಿ ಅಂತಾರ.’

ಮಾಸ್ತರಿಗೆ ಶಿಕ್ಷೆ ಕೊಡುವ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿರಲಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು, ಮತ್ತಾಯ ಮಾರ್ಕರಿಬ್ಬರಿಗೂ ಸೇರಿ ಒಂದು; ಮಾತಿಗೊಬ್ಬರಂತೆ ಏಳು ಜನ ಮಾತಾಡುತ್ತಾರೆ. ಆ ವರ್ಷದ ಪಟ್ಟಿ ಮಾಸ್ತರ ಕೈಯಲ್ಲಿತ್ತು. ಐದನೆಯ ಮಾತಿನ ಮುಂದೆ, ಅಂದರೆ ಯೋಹಾನನಲ್ಲಿ ಬರುವ ದಾಹದ ಮಾತಿನ ಮುಂದೆ, ನನ್ನ ಹೆಸರು ಬರೆದಿದ್ದರು.

ಈ ಸಲವಾದರೂ ನ್ಯಾಯವಾಗಿ ನಡೆದುಕೊಳ್ಳೋಣವೆಂದು ಅಂದು ಮುಂಜಾನೆಯಿಂದ ಹನಿ ನೀರೂ ಕುಡಿಯಲಿಲ್ಲ. ದಾಹವನ್ನು ಅನುಭವಿಸಿ ಮಾತಾಡಬೇಕೆಂಬ ಹಂಬಲ. ಮಾರ್ಚ್ 30ರ ಬಿಸಿಲು. ಫ್ಯಾನುಗಳು ಬಿಸಿ ಗಾಳಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದವು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಎಂದು ಗೊತ್ತುಮಾಡಿತ್ತು. ಮಾನಸಾಂತರಪಟ್ಟ ಕಳ್ಳನಿಗೆ ಆ ದಿನವೇ ಪರದೈಸಿಗೆ ಹೋಗುವ ಭರವಸೆ ಸಿಕ್ಕಿದ್ದು ಎರಡನೆಯ ಮಾತಿನಲ್ಲಿ. ಅದರ ಭಾಷಣಕಾರರು ಮಾತ್ರ ಆ ಕಳ್ಳನನ್ನು ನಲವತ್ತು ನಿಮಿಷ ದಾರಿಯಲ್ಲೇ ನಿಲ್ಲಿಸಿಕೊಂಡರು. ನನ್ನ ಸರದಿ ಬರುವ ಹೊತ್ತಿಗೆ ನಾಲಗೆ ಅಂಗುಳಿಗೆ ಅಂಟಿತ್ತು.

ಪ್ರಸಂಗಪೀಠದ ಮೇಲೆ ಯಾವನೋ ಪುಣ್ಯಾತ್ಮ ಒಂದು ತಂಬಿಗೆ ತಣ್ಣೀರು ಇಟ್ಟಿದ್ದ. ತಂಬಿಗೆಯ ಮೈಮೇಲೆ ಸಣ್ಣ ಸಣ್ಣ ಹನಿ. ಅದನ್ನು ನೋಡದಂತೆ ಮಾತು ಸುರು ಮಾಡಿದೆ. ಸಮುದ್ರವನ್ನು ಉಂಟುಮಾಡಿದವನು ಬಾಯಾರಿದ್ದಾನೆ, ಅವನಿಗೆ ಸಿಕ್ಕದ್ದು ಹುಳಿರಸ, ಒಂದು ಗುಟುಕು ನೀರು ಕೊಡುವವರು ಅಲ್ಲಿ ಯಾರಿದ್ದರು ಎಂದು ಕೇಳಿ, ಪರಿಣಾಮಕ್ಕಾಗಿ ಒಂದು ಕ್ಷಣ ನಿಲ್ಲಿಸಿದೆ. ನಿಲ್ಲಿಸಬಾರದಿತ್ತು. ಆ ಒಂದು ಕ್ಷಣದಲ್ಲಿ ನನ್ನ ಕೈ ನನ್ನನ್ನು ಕೇಳದೆ ತಂಬಿಗೆ ಎತ್ತಿ ಬಾಯಿಗೆ ಹಿಡಿಯಿತು. ತಂಬಿಗೆ ಖಾಲಿಯಾಗುವ ತನಕ ಕೆಳಗಿಳಿಸಲಿಲ್ಲ. ಮೈಕು ಹತ್ತಿರವಿತ್ತು. ಒಂದೊಂದು ಗುಟುಕೂ ಕೊನೆಯ ಬೆಂಚಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕೆಂದ. ನನ್ನ ಹೆಂಡತಿ ಛಾವಣಿಯ ತೊಲೆಗಳನ್ನು ನೋಡತೊಡಗಿದಳು. ಮುಂದೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲವಾಗಿ ಆಮೆನ್ ಎಂದು ಇಳಿದೆ. ಬಾಗಿಲಲ್ಲಿ ಒಬ್ಬ ಹಿರಿಯರು ಕೈ ಕುಲುಕಿ, ‘ನೀರು ಕುಡದು ತೋರಿಸಿದ್ದು ಭಾಳ ಮನಸ್ಸಿಗೆ ಹತ್ತಿತು ನೋಡ್ರಿ’ ಎಂದರು. ಪಾಸ್ಟರ್ ಇನ್ನೂ ಪ್ರಾಮಾಣಿಕರು: ‘ಏಳರಾಗ ನಿಮ್ಮದ ಸಣ್ಣದು. ದೇವರು ಆಶೀರ್ವದಿಸಲಿ.’

ಉಳಿದದ್ದು ಈಸ್ಟರ್. ಆ ವರ್ಷ ಅದು ಬಂದದ್ದು ಏಪ್ರಿಲ್ 1ಕ್ಕೆ. 1956ರ ನಂತರ ಹಾಗೆ ಬಂದದ್ದು ಅದೇ ಮೊದಲು, ಇನ್ನು 2029ಕ್ಕೆ. ಬೂದಿ ಬುಧವಾರ ಪ್ರೇಮಿಗಳ ದಿನಕ್ಕೆ, ಪುನರುತ್ಥಾನ ಮೂರ್ಖರ ದಿನಕ್ಕೆ. ಪಂಚಾಂಗವೇ ನನ್ನ ಬೆನ್ನು ಹತ್ತಿದ್ದು ಹೀಗೆ.

ಈಸ್ಟರ್ ಬೆಳಗಿನ ಜಾವ ನಮ್ಮವರು ಸಮಾಧಿಭೂಮಿಯಲ್ಲಿ ಕೂಡುತ್ತಾರೆ. ತಮ್ಮ ತಮ್ಮವರ ಗೋರಿ ತೊಳೆದು, ಹೂವು ಇಟ್ಟು, ಮೇಣದ ಬತ್ತಿ ಹಚ್ಚಿ, ಸೂರ್ಯ ಮೂಡುವ ಹೊತ್ತಿಗೆ ಹಾಡುತ್ತಾರೆ. ಶುಕ್ರವಾರದ ಮಾನ ಒಂಚೂರಾದರೂ ಮರಳಿ ಬರಲೆಂದು, ಎಲ್ಲರಿಗಿಂತ ಮೊದಲು ಹೋಗಿ ಜಮಖಾನ ಹಾಸುವ ಕೆಲಸ ನಾನೇ ಕೇಳಿ ಪಡೆದಿದ್ದೆ. ಹೊರಡುವಾಗ ಹೆಂಡತಿ ಫ್ಲಾಸ್ಕ್ ಕೈಗಿಟ್ಟಳು. ‘ಚಹಾ ಮಾಡೇನಿ. ಅಲ್ಲೇ ಕುಡೀರಿ. ನಮಗೂ ಲೆಂಟ್ ಮುಗೀಲಿ.’

ಈಸ್ಟರ್ ಎಂದೂ ಹುಣ್ಣಿಮೆಯ ಬೆನ್ನಿಗೇ ಬರುವ ಹಬ್ಬ. ಆ ಸಲವಂತೂ ಹುಣ್ಣಿಮೆ ಹಿಂದಿನ ದಿನವೇ ಆಗಿತ್ತು. ಹನುಮ ಜಯಂತಿಯೆಂದು ಪಕ್ಕದ ಮನೆಯವರು ಪಾನಕ ಕೋಸಂಬರಿ ಕಳಿಸಿದ್ದರು. ಬೆಳದಿಂಗಳಲ್ಲಿ ಕಲ್ಲಿನ ಶಿಲುಬೆಗಳೆಲ್ಲ ಬೆಳ್ಳಗೆ ಕಾಣುತ್ತಿದ್ದವು. ಜಮಖಾನ ಹಾಸಿ, ನನ್ನ ಅಜ್ಜನ ಗೋರಿಯ ಹಿಂದಿನ ಕಟ್ಟೆಯ ಮೇಲೆ ಕೂತೆ. ಹಬ್ಬಕ್ಕೆಂದು ಉಟ್ಟ ಬಿಳಿ ಧೋತರ, ಬಿಳಿ ಅಂಗಿ, ಇಬ್ಬನಿಗೆ ತಲೆಯ ಮೇಲೆ ಬಿಳಿ ಶಾಲು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದೆ. ಅಷ್ಟು ದಿನ ಕಾದ ಚಹಾ ಸದ್ದಿಲ್ಲದೆ ಕುಡಿಯಲು ನಾನೇನು ದೇವದೂತನೇ? ಸುರ್ರ್ ಎಂದೆ.

ಗೇಟಿನ ಕಡೆ ಯಾರೋ ‘ಯೇಸಪ್ಪಾ’ ಎಂದದ್ದು ಕೇಳಿಸಿತು. ಸಭೆ ಬಂತೆಂದು ಗೊತ್ತಾಯಿತು. ಈಸ್ಟರ್ ದಿನ ಮೊದಲು ಕಂಡವರಿಗೆ ಪುನರುತ್ಥಾನದ ವಂದನೆ ಹೇಳಬೇಕಲ್ಲ! ಗೋರಿಯ ಹಿಂದಿನಿಂದ ಎದ್ದು ನಿಂತೆ. ಕೈಯ ಮುಚ್ಚಳದಿಂದ ಹಬೆ ಮುಖದ ಸುತ್ತ ಏಳುತ್ತಿತ್ತು. ಎರಡೂ ಕೈ ಚಾಚಿ, ಗಟ್ಟಿ ದನಿಯಲ್ಲಿ, ‘ಎದ್ದಿದ್ದಾನೆ!’ ಎಂದೆ.

ಪ್ರತಿ ರವಿವಾರ ಎದ್ದು ನಿಂತು, ಸತ್ತವರ ಶರೀರ ಏಳುತ್ತದೆಂದು ನಂಬುತ್ತೇವೆ ಎಂದು ಒಂದೇ ಉಸುರಿಗೆ ಹೇಳುವ ಸಭೆ ನಮ್ಮದು. ಒಬ್ಬ ಎದ್ದದ್ದು ಕಂಡ ಕೂಡಲೇ ಅದು ಗೇಟಿನ ಹೊರಗಿತ್ತು. ಮಂಡಿನೋವಿನ ಮಾಸ್ತರು ಎಲ್ಲರಿಗಿಂತ ಮುಂದೆ ಓಡಿದರು. ಕಳ್ಳನನ್ನು ನಲವತ್ತು ನಿಮಿಷ ನಿಲ್ಲಿಸಿದವರು ನಾಲ್ಕು ಸೆಕೆಂಡೂ ನಿಲ್ಲಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿಯೂ ಮೊದಲ ಈಸ್ಟರಿಗೆ ಸಮಾಧಿಗೆ ಬಂದ ಹೆಂಗಸರು ನಡುಗುತ್ತಾ ಓಡಿಹೋದರೆಂದೇ ಇದೆ. ನಮ್ಮವರದು ಶಾಸ್ತ್ರೋಕ್ತವಾದ ಓಟ.

ಒಬ್ಬಳೇ ಓಡಲಿಲ್ಲ. ಸಭೆಯ ಹಿರಿಯಜ್ಜಿ. ಅವಳ ಯಜಮಾನರ ಗೋರಿ ನಮ್ಮಜ್ಜನ ಗೋರಿಗೆ ತಾಗಿಯೇ ಇದೆ. ಸೇವಂತಿಗೆ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ನೆಟ್ಟಗೆ ನನ್ನತ್ತ ನಡೆದು ಬಂದಳು. ನಾಲ್ಕು ಹೆಜ್ಜೆ ಆಚೆ ನಿಂತು, ಕಣ್ಣು ಕಿರಿದು ಮಾಡಿ, ಪ್ಯಾಟಿಗೆ ಹೋಗಿ ಹೊತ್ತು ಮಾಡಿ ಬಂದ ಗಂಡನನ್ನು ಕೇಳುವ ಹಾಗೆ ಕೇಳಿದಳು:

‘ಬಂದ್ರೇನ್ರೀ?’

ಜೀವಮಾನದಲ್ಲಿ ನನಗೆ ಉತ್ತರ ತೋಚದ ಪ್ರಶ್ನೆ ಅದೊಂದೇ. ‘ಅಜ್ಜಿ, ನಾನ್ರೀ...’ ಎಂದೆ.

ಅವಳು ಇನ್ನಷ್ಟು ಹತ್ತಿರ ಬಂದು ನೋಡಿದಳು. ‘ಅಯ್ಯ, ನೀನೇನೋ ಮೂಳಾ!’ ಎಂದು, ನನ್ನ ಮೇಲಿನ ಸಿಟ್ಟಿಗೋ ಯಜಮಾನರ ಮೇಲಿನ ಸಿಟ್ಟಿಗೋ ಬುಟ್ಟಿಯನ್ನು ಧೊಪ್ಪನೆ ಇಟ್ಟಳು. ‘ಕೈಯಾಗೇನೈತಿ?’

‘ಚಹಾರೀ.’

‘ಹಾಕು ಇಲ್ಲೆ.’

ಯಜಮಾನರ ಕಟ್ಟೆಯ ಮೇಲೆ ಕೂತು ಅವಳು ಕುಡಿಯತೊಡಗಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಹುಡುಗರು ಅದನ್ನು ಏಪ್ರಿಲ್ ಫೂಲ್ ಎಂದು ತೀರ್ಮಾನಿಸಿ ನನ್ನ ಬೆನ್ನು ಚಪ್ಪರಿಸಿದರು. ಹಿರಿಯರೂ ಅದನ್ನೇ ತಿಳಿದು ಮುಖ ತಿರುಗಿಸಿದರು. ಆರಾಧನೆ ನಡೆಯಿತು. ಎಲ್ಲರೂ ಆಗಲೇ ಓಡಿ ಮೈ ಬಿಸಿಯಾಗಿದ್ದರಿಂದ ಹಾಡು ಎಂದಿಗಿಂತ ಜೋರಾಗಿತ್ತೆಂದು ನನ್ನ ಅನಿಸಿಕೆ, ಇದನ್ನು ಪಾಸ್ಟರ್ ಒಪ್ಪಲಿಲ್ಲ. ಮುಗಿದ ಮೇಲೆ ಮಾಸ್ತರು ಎಲ್ಲರ ಎದುರಿಗೆ ತೀರ್ಪು ಓದಿದರು: ಮುಂದಿನ ಈಸ್ಟರಿನಿಂದ ಸಮಾಧಿಭೂಮಿಗೆ ಬರುವ ಅಷ್ಟೂ ಜನಕ್ಕೆ ಚಹಾ, ಇವರ ಖರ್ಚಿನಲ್ಲಿ, ಇವರು ಗೇಟಿನ ಹೊರಗೆ, ಲೈಟಿನ ಕೆಳಗೆ ನಿಂತು ಕೊಡಬೇಕು, ಬಿಳಿ ಬಟ್ಟೆ ಹಾಕಿಕೊಳ್ಳಬಾರದು.

ಅಜ್ಜಿ ಫ್ಲಾಸ್ಕಿನ ಮುಚ್ಚಳವನ್ನು ಸೆರಗಿನಿಂದ ಒರೆಸಿ ನನಗೆ ತಿರುಗಿ ಕೊಟ್ಟಳು. ‘ಅಲ್ಲ ಹಾಕಬೇಕೋ ತಮ್ಮಾ, ಏಲಕ್ಕಿನೂ ಇಲ್ಲ’ ಎಂದಳು. ‘ಇಂಥಾ ಚಹಾಕ್ಕ ನಮ್ಮವ್ರು ಎದ್ದು ಬಂದಿದ್ರೂ ಮತ್ತ ಮಲಗತಿದ್ರು.’