ಸೀನಿಯಾರಿಟಿ ಭಾವ

ಭೈರುಂಬೆಯಿಂದ ಶಿರಸಿಗೆ ಹೋಗುವ ಬಸ್ಸಿನಲ್ಲಿ ಅಡಿಕೆ ದರ ಬಿಟ್ಟು ಬೇರೆ ಮಾತು ಜೋರಾಗಿ ಕೇಳಿದರೆ ಅಲ್ಲಿ ಸೀನಿಯಾರಿಟಿ ಭಾವ ಇದ್ದಾನೆಂದೇ ಲೆಕ್ಕ. ಸಿದ್ದಾಪುರ, ಯಲ್ಲಾಪುರದ ಕಡೆಗೂ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಹುದ್ದೆ ಗ್ರಾಮೀಣ ಡಾಕ್ ಸೇವಕ. ಕಾಗದದ ಮೇಲೆ ದಿನಕ್ಕೆ ನಾಲ್ಕೈದು ತಾಸು ಕೆಲಸ. ಉಳಿದ ತಾಸೆಲ್ಲ ಇಲಾಖೆಯ ಅನ್ಯಾಯದ ವಿಚಾರಣೆಗೆ ಮೀಸಲು.

ಅವನ ಚೀಲದಲ್ಲಿ ಟಪಾಲಿನ ಮೇಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮಡಿಕೆಯಲ್ಲಿ ಹರಿದ ಸೀನಿಯಾರಿಟಿ ಲಿಸ್ಟು. ತನ್ನ ಹೆಸರಿನ ಕೆಳಗೆ ಕೆಂಪು ಗೆರೆ. ಮೇಲಿನವರ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಅವರವರ ನಿವೃತ್ತಿಯ ವರ್ಷ. ಯಾರಿಗಾದರೂ 65 ತುಂಬಿತೆಂದರೆ ಬೀಳ್ಕೊಡುಗೆಯ ಹಾರಕ್ಕೆ ಮೊದಲ ಚಂದಾ ಇವನದೇ.

ಪಕ್ಕದೂರಿನ ಹುಡುಗ ಇಲಾಖಾ ಪರೀಕ್ಷೆ ಪಾಸು ಮಾಡಿ ಪೋಸ್ಟ್‌ಮನ್ ಆದಾಗ ಭಾವ ಗುಡುಗಿದ: "ಪರೀಕ್ಷೆ ಬರೆದವಂಗೆ ಯಾರ ಮನೆ ನಾಯಿ ಕಚ್ತು ಹೇಳಿ ಗೊತ್ತಿದ್ದಾ?" ಡಾಕ್ ಸೇವಕರ ಹೊಸ ನೇಮಕಾತಿಗಾದರೋ ಸಂದರ್ಶನವಿಲ್ಲ, ಎಸ್ಸೆಸ್ಸೆಲ್ಸಿ ಅಂಕವನ್ನು ನಾಲ್ಕು ದಶಮಾಂಶದವರೆಗೆ ಎಳೆದು ಕಂಪ್ಯೂಟರೇ ಪಟ್ಟಿ ಮಾಡುತ್ತದೆ. "ಆ ಕಂಪ್ಯೂಟರಿನ ಕೀ ಒತ್ತವ ಯಾರು?" ಎಂಬುದು ಭಾವನ ಪ್ರಶ್ನೆ. ತಮಿಳುನಾಡಿನಲ್ಲಿ 2016ರ ಡಿಸೆಂಬರಿನ ಪೋಸ್ಟ್‌ಮನ್ ಪರೀಕ್ಷೆಯಲ್ಲಿ ಹರಿಯಾಣದವರು ತಮಿಳಿನಲ್ಲೇ ರಾಶಿ ಅಂಕ ಬಾಚಿ, ಕಡೆಗೆ ಪರೀಕ್ಷೆಯೇ ರದ್ದಾದ ಕಥೆ ಅವನಿಗೆ ಕಂಠಪಾಠ.

ಆದರೆ ತಂಗಿಯ ಮಗಳಿಗೆ ಒಳ್ಳೆ ಅಂಕ ಬಂದ ವರ್ಷ, "ಕಂಪ್ಯೂಟರಿಗೆ ವಶೀಲಿ ಗೊತ್ತಿಲ್ಲೆ, ಅದೇ ಖರೇ ನ್ಯಾಯ" ಎಂದು ಊರೆಲ್ಲ ಸಾರಿಬಂದ. ಅಂಕ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಆದ್ಯತೆ ಎಂದು ಗೊತ್ತಾದ ದಿನವಂತೂ ಇಲಾಖೆಯ ಸಂಸ್ಕಾರವನ್ನು ಹೊಗಳಿ ಎರಡು ಕವಳ ಹೆಚ್ಚಿಗೆ ಹಾಕಿದ.

ಹಾಗಂತ ಅವನ ದೂರೆಲ್ಲ ಬರೀ ಗಾಳಿಮಾತಲ್ಲ. ಡಾಕ್ ಸೇವಕರದು ಸರ್ಕಾರದ ಸಿವಿಲ್ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ ರಾಜಮ್ಮ ಪ್ರಕರಣದಲ್ಲಿ 1977ರಲ್ಲೇ ಹೇಳಿತು. ಆದರೂ ಕಾಯಂ ನೌಕರರ ಸಂಬಳ, ಪಿಂಚಣಿ ಇವರ ಪಾಲಿಗಿಲ್ಲ. 2018ರ ಪರಿಷ್ಕರಣೆಯಲ್ಲಿ ಇವರಲ್ಲೇ ನಾಲ್ಕು ತಾಸಿನ ಶಾಖಾ ಪೋಸ್ಟ್‌ಮಾಸ್ಟರನಿಗೆ ಗೊತ್ತುಮಾಡಿದ ಆರಂಭದ ಭತ್ಯೆ 12,000 ರೂಪಾಯಿ. ಮಳೆಗಾಲದ ಶಿರಸಿ ಸೀಮೆಯಲ್ಲಿ ಟಪಾಲು ನಾಲ್ಕು ತಾಸಿಗೆ ಮುಗಿಯುತ್ತದೆಂದು ಬರೆದವರು ಛತ್ರಿ ಹಿಡಿದು ತೋಟದ ಸಂಕ ದಾಟಿದವರಲ್ಲ.

ಈ ಸಲ ಹುಡುಗರು ಸೇರಿ ಇಲಾಖಾ ಪರೀಕ್ಷೆಯ ಅರ್ಜಿಯನ್ನೇ ತಂದು ಭಾವನ ಕೈಗಿಟ್ಟರು. ಕನ್ನಡಕ ಏರಿಸಿ ಪೂರ್ತಿ ಓದಿದ. ಮಡಚಿ ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಹೇಳಿದ:

"ಆನು ಪಾಸಾದ್ರೆ, ಎನ್ನ ಮೇಲಿದ್ದವಕ್ಕೆ ಅನ್ಯಾಯ ಆಗ್ತಲಾ ಮಾರಾಯಾ!"